ಆಜೀವ ಸದಸ್ಯರು ಇನ್ನೂರ ನಲವತ್ತು, ಪಕ್ಕವಾದ್ಯದವರಿಗೆ ಬಾಕಿ: ಹಾಸನದ ಒಂದು ಸಂಗೀತ ಸಭಾದ ಪ್ರಕರಣ ಅಧ್ಯಯನ

ಸಭಾದ ವಾರ್ಷಿಕ ವರದಿಯಲ್ಲಿ ಜಮಾ 8,04,000 ರೂಪಾಯಿ, ಖರ್ಚು 8,04,000 ರೂಪಾಯಿ. ಲೆಕ್ಕಪರಿಶೋಧಕರ ಸಹಿ ಇದೆ, ಮೊಹರೂ ಇದೆ. ಸರ್ವ ಸದಸ್ಯರ ಸಭೆ ಆ ಲೆಕ್ಕವನ್ನು ಚರ್ಚೆಯಿಲ್ಲದೆ ಅಂಗೀಕರಿಸಿತು. ಅದೇ ಹೊತ್ತಿಗೆ ಮೈಸೂರಿನಿಂದ ಬಂದು ನುಡಿಸಿ ಹೋದ ಪಿಟೀಲು, ಮೃದಂಗ, ಘಟದವರಿಗೆ ಒಟ್ಟು 74,000 ರೂಪಾಯಿ ಸಂಭಾವನೆ ಬಾಕಿ ಇತ್ತು. ಧ್ವನಿವರ್ಧಕದವರಿಗೆ 62,000 ಕೊಡಬೇಕಿತ್ತು. ಕಾರ್ಯದರ್ಶಿಗಳು ಕೈಯಿಂದ ಹಾಕಿದ 1,28,300 ರೂಪಾಯಿ ವಾಪಸ್ ಬಂದಿರಲಿಲ್ಲ. ಮೂರನ್ನೂ ಕೂಡಿದರೆ 2,64,300. ಆ ವರ್ಷದ ನಿಜವಾದ ಕೊರತೆ ಇಷ್ಟು. ವರದಿಯ ಯಾವ ಪುಟದಲ್ಲೂ ಈ ಅಂಕಿ ಇಲ್ಲ.

ಮೊದಲೇ ಒಂದು ಮಾತು. ಇದು ನಮ್ಮ ಕಡೆಯ ಸಣ್ಣ ಸಭಾಗಳು ಸಿಕ್ಕಿಬೀಳುವ ಸ್ಥಿತಿಯನ್ನು ಒಟ್ಟಿಗೆ ತಂದು ಕಟ್ಟಿದ ಮಾದರಿ ಪ್ರಕರಣ. ಯಾವುದೇ ಒಂದು ಸಂಸ್ಥೆಯ ಕಥೆಯಲ್ಲ. ರೂಪಾಯಿಯ ಅಂಕಿಗಳನ್ನು ಲೆಕ್ಕದ ದಾರಿ ಸ್ಪಷ್ಟವಾಗಿ ಕಾಣಲಿ ಎಂದು ಇಟ್ಟಿದೆ. ಕಾನೂನು, ತೆರಿಗೆ, ಊರಿನ ಕ್ಯಾಲೆಂಡರ್ ಮಾತ್ರ ಇದ್ದದ್ದು ಇದ್ದಂತೆಯೇ.

ಸಭಾ ಇದ್ದ ಸ್ಥಿತಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿತ ಸಂಸ್ಥೆ. ತಿಂಗಳಿಗೊಂದು ಕಛೇರಿ, ವರ್ಷಕ್ಕೊಮ್ಮೆ ಐದು ದಿನದ ಸಂಗೀತೋತ್ಸವ. ಪ್ರವೇಶ ಎಲ್ಲಕ್ಕೂ ಉಚಿತ. ಇನ್ನೂರ ಇಪ್ಪತ್ತು ಕುರ್ಚಿಯ ಬಾಡಿಗೆ ಸಭಾಂಗಣ. ಬರುವವರು ಸರಾಸರಿ ತೊಂಬತ್ತು ಜನ, ಅವರಲ್ಲಿ ಅರವತ್ತು ಮಂದಿ ಆಜೀವ ಸದಸ್ಯರು.

ಹಾಸನ ಜಿಲ್ಲೆಗೆ ಸಂಗೀತದ ಬಡತನವಿಲ್ಲ. ಅರಕಲಗೂಡು ತಾಲೂಕಿನ ರುದ್ರಪಟ್ಟಣ ಒಂದೇ ಊರು ಆರ್.ಕೆ. ಶ್ರೀಕಂಠನ್ ಅವರಂಥವರನ್ನು ಕೊಟ್ಟಿದೆ. ಆದರೆ ಆ ಊರಿನ ಮನೆತನಗಳೂ ಸೇರಿ ಕಲಾವಿದರು ಹೋಗಿ ನೆಲೆಸಿದ್ದು ಮೈಸೂರು, ಬೆಂಗಳೂರುಗಳಲ್ಲಿ. ಹಾಗಾಗಿ ಹಾಸನದ ಸಭಾಕ್ಕೆ ಪ್ರತಿ ಕಛೇರಿಯೂ ಪ್ರಯಾಣದ ಖರ್ಚಿನಿಂದಲೇ ಶುರು. ಮೈಸೂರಿಂದ ಸುಮಾರು 120 ಕಿಲೋಮೀಟರ್, ಬೆಂಗಳೂರಿಂದ 180. ನಾಲ್ಕು ಜನ, ಒಂದು ಮೃದಂಗ, ಒಂದು ಘಟ, ಒಂದು ಪಿಟೀಲು ಪೆಟ್ಟಿಗೆ: ಬಸ್ಸಿನಲ್ಲಿ ಬನ್ನಿ ಎನ್ನುವ ಹಾಗಿಲ್ಲ.

ಒಂದು ತಿಂಗಳ ಕಛೇರಿಯ ಖರ್ಚು ಹೀಗಿತ್ತು. ಮುಖ್ಯ ಕಲಾವಿದರಿಗೆ 12,000, ಪಿಟೀಲಿಗೆ 4,000, ಮೃದಂಗಕ್ಕೆ 4,000, ಉಪಪಕ್ಕವಾದ್ಯಕ್ಕೆ 2,500. ಕಾರು 6,500. ಊಟ, ವಸತಿ 2,500. ಸಭಾಂಗಣ 2,000. ಮೈಕು 4,000. ಕರಪತ್ರ, ಹಾರ, ಶಾಲು, ಫಲತಾಂಬೂಲ 2,500. ಒಟ್ಟು 40,000. ಇದನ್ನು ಹನ್ನೆರಡರಿಂದ ಗುಣಿಸಿದರೆ 4,80,000. ಉತ್ಸವಕ್ಕೆ ದಿನಕ್ಕೆ 84,000ದಂತೆ 4,20,000. ಕಚೇರಿ ಖರ್ಚು, ಆಡಿಟ್ ಫೀ, ಅಂಚೆ ಸೇರಿ 40,000. ವರ್ಷದ ವೆಚ್ಚ 9,40,000.

ಬಂದದ್ದು: ವಾರ್ಷಿಕ ಸದಸ್ಯರು 38 ಜನರಿಂದ ತಲಾ 1,000ದಂತೆ 38,000. ಠೇವಣಿ ಬಡ್ಡಿ 7,700. ದೇಣಿಗೆ 3,60,000. ಸ್ಮರಣ ಸಂಚಿಕೆಯ ಜಾಹೀರಾತು 1,80,000. ಹಿರಿಯರ ನೆನಪಿಗೆಂದು ಕುಟುಂಬಗಳು ಪ್ರಾಯೋಜಿಸಿದ ಆರು ಕಛೇರಿಗಳಿಂದ 90,000. ಒಟ್ಟು 6,75,700.

ಬಜೆಟ್ ಮಂಡಿಸುವಾಗ ಇದರ ಮೇಲೆ 'ಸರ್ಕಾರದ ಅನುದಾನ 3,00,000' ಎಂದು ಒಂದು ಸಾಲು ಬರೆದಿದ್ದರು. ಆ ಒಂದು ಸಾಲಿನಿಂದ ಕಾಗದದ ಮೇಲೆ 35,700 ಉಳಿತಾಯ ಕಾಣಿಸಿತು. ಮಂಜೂರಾದದ್ದು ಒಂದು ಲಕ್ಷ, ಅದು ಕೈಗೆ ಬಂದದ್ದು ಮುಂದಿನ ಆರ್ಥಿಕ ವರ್ಷದಲ್ಲಿ.

ಸರಿಸಮ ಲೆಕ್ಕದೊಳಗೆ ಅಡಗಿದ್ದ ಸಾಲ

ಹಾಗಾದರೆ ಜಮಾ-ಖರ್ಚು ಹೇಗೆ ಸರಿಹೋಯಿತು? ಯಾರೂ ಸುಳ್ಳು ಬರೆದಿರಲಿಲ್ಲ. ಸಭಾ ಇಡುತ್ತಿದ್ದದ್ದು ನಗದು ಆಧಾರದ ಜಮಾ-ಖರ್ಚು ಲೆಕ್ಕ. ಅದರಲ್ಲಿ ಕೈಗೆ ಬಂದ ಹಣವೆಲ್ಲ ಜಮಾ, ಕೈಬಿಟ್ಟ ಹಣವೆಲ್ಲ ಖರ್ಚು. ಕಾರ್ಯದರ್ಶಿಗಳ ಕೈಸಾಲ 1,28,300 'ಇತರೆ ಜಮಾ' ಎಂದು ಒಳಗೆ ಬಂತು: 6,75,700ಕ್ಕೆ ಅದನ್ನು ಕೂಡಿದರೆ 8,04,000. ಇನ್ನೊಂದು ಕಡೆ, ಪಕ್ಕವಾದ್ಯದವರಿಗೂ ಮೈಕಿನವರಿಗೂ ಕೊಡದೇ ಉಳಿಸಿಕೊಂಡ 1,36,000 ಖರ್ಚೇ ಆಗಿರಲಿಲ್ಲ: 9,40,000ದಲ್ಲಿ ಅದನ್ನು ಕಳೆದರೆ 8,04,000. ಸಾಲವೂ ಆದಾಯದಂತೆ ಕಂಡಿತು, ಬಾಕಿಯೂ ಉಳಿತಾಯದಂತೆ ಕಂಡಿತು.

ಇಂಥ ಸಭಾಗಳಲ್ಲಿ ಮೊದಲು ಬದಲಿಸಬೇಕಾದದ್ದು ಇದನ್ನೇ. ಜಮಾ-ಖರ್ಚಿನ ಜೊತೆಗೆ ಆದಾಯ-ವೆಚ್ಚದ ಲೆಕ್ಕ, ಆಸ್ತಿ-ಹೊಣೆಗಳ ಪಟ್ಟಿ ಎರಡೂ ಬೇಕು. ಸಣ್ಣ ಸಂಸ್ಥೆಗೆ ಅದಕ್ಕಾಗಿ ಸಾಫ್ಟ್‌ವೇರ್ ಬೇಕಿಲ್ಲ. ಒಂದು ರೂಲ್ ಪುಸ್ತಕದಲ್ಲಿ 'ಕೊಡಬೇಕಾದ್ದು' ಎಂಬ ಪುಟ ತೆಗೆದು, ಕಛೇರಿ ಮುಗಿದ ರಾತ್ರಿಯೇ ಯಾರಿಗೆ ಎಷ್ಟು ಬಾಕಿ ಎಂದು ಬರೆದರೆ ಸಾಕು. ಪ್ರತಿ ಸಮಿತಿ ಸಭೆಯಲ್ಲಿ ಖಜಾಂಚಿ ಓದುವ ಮೊದಲ ಪುಟ ಅದೇ ಆಗಬೇಕು, ಬ್ಯಾಂಕಿನ ಶಿಲ್ಕು ಎರಡನೆಯದು.

ಕೊರತೆ ಹುಟ್ಟಿದ್ದು ಉತ್ಸವದಲ್ಲಿ ಎಂದು ಸಮಿತಿ ನಂಬಿತ್ತು. ತಿಂಗಳುವಾರು ಬರೆದು ನೋಡಿದಾಗ ಬೇರೆಯೇ ಚಿತ್ರ ಬಂತು. ಉತ್ಸವ ಫೆಬ್ರವರಿಯಲ್ಲಿ. ದೇಣಿಗೆ, ಜಾಹೀರಾತುಗಳ ದೊಡ್ಡ ಪಾಲು ಬರುವುದೂ ಆಗಲೇ. ಏಪ್ರಿಲಿಂದ ಜನವರಿವರೆಗಿನ ಹತ್ತು ಕಛೇರಿಗೆ 4,00,000 ಬೇಕು, ಆ ಅವಧಿಯಲ್ಲಿ ಬಂದದ್ದು ವಾರ್ಷಿಕ ಸದಸ್ಯತ್ವ 38,000, ಐದು ಪ್ರಾಯೋಜಿತ ಕಛೇರಿಯ 75,000, ಬಿಡಿ ದೇಣಿಗೆ 1,10,000. ಅಂದರೆ 2,23,000. ಉತ್ಸವದ ಮುನ್ನವೇ 1,77,000 ಕಡಿಮೆ ಬಿದ್ದಿತ್ತು. ಕೈಸಾಲ ಹುಟ್ಟಿದ್ದು ಅಲ್ಲಿ. ಉತ್ಸವಕ್ಕೆ ಬಂದ ಹಣ ಹಳೇ ತೂತು ಮುಚ್ಚಲು ಹೋಯಿತು, ಉತ್ಸವದ ಮೈಕಿನವರು ಬಾಕಿಗೆ ಬಿದ್ದರು.

ಆಜೀವ ಸದಸ್ಯತ್ವ ಎಂಬ ಹೊಣೆ

ಇದು ಈ ಪ್ರಕರಣದ ನಡುಮನೆ. ಬೇರೆ ಯಾವ ತಪ್ಪನ್ನೂ ಒಂದು ವರ್ಷದಲ್ಲಿ ಸರಿಪಡಿಸಬಹುದು, ಇದನ್ನು ಆಗದು.

ಸಭಾ ಶುರುವಾದಾಗ ಆಜೀವ ಸದಸ್ಯತ್ವ 500 ರೂಪಾಯಿ, ಆಗ ಸೇರಿದವರು 90. ಆಮೇಲೆ 1,000 ಮಾಡಿದಾಗ 85 ಜನ. ಕೊನೆಗೆ 3,000 ಮಾಡಿದ ಮೇಲೆ 65. ಒಟ್ಟು 240 ಸದಸ್ಯರಿಂದ 3,25,000 ರೂಪಾಯಿ ಬಂದಿರಬೇಕು. ಬ್ಯಾಂಕಿನಲ್ಲಿ ಠೇವಣಿಯಾಗಿ ಉಳಿದದ್ದು 1,10,000. ಉಳಿದ 2,15,000 ಆಯಾ ವರ್ಷದ ಉತ್ಸವಗಳಲ್ಲಿ ಕರಗಿತ್ತು. ಕದ್ದವರು ಯಾರೂ ಇಲ್ಲ. ಸಂಗೀತಕ್ಕೇ ಹೋಗಿದೆ. ಆದರೆ ಒಬ್ಬರಿಂದ ಬದುಕಿನುದ್ದಕ್ಕೂ ಕಛೇರಿ ಕೇಳಿಸುತ್ತೇವೆ ಎಂದು ಒಮ್ಮೆ ತೆಗೆದುಕೊಂಡ ಹಣವನ್ನು ಆ ವರ್ಷದ ಆದಾಯ ಎಂದು ಬರೆದಿದ್ದು ತಪ್ಪು.

3,000 ರೂಪಾಯಿಯನ್ನು ಪೂರ್ತಿ ಠೇವಣಿ ಇಟ್ಟಿದ್ದರೂ ಶೇಕಡಾ 7ರಂತೆ ವರ್ಷಕ್ಕೆ 210 ರೂಪಾಯಿ. ಹನ್ನೆರಡು ಕಛೇರಿ, ಐದು ಉತ್ಸವದ ಸಂಜೆ, ಒಟ್ಟು 17. ಒಂದು ಸಂಜೆಗೆ ಒಬ್ಬ ಸದಸ್ಯರಿಂದ ಹನ್ನೆರಡು ರೂಪಾಯಿ ಚಿಲ್ಲರೆ. ತಿಂಗಳ ಕಛೇರಿಯಲ್ಲಿ ಒಬ್ಬ ಕೇಳುಗರ ಪಾಲಿಗೆ ಬರುವ ಖರ್ಚು, 40,000ವನ್ನು 90ರಿಂದ ಭಾಗಿಸಿದರೆ, 444 ರೂಪಾಯಿ. ಆಜೀವ ಸದಸ್ಯತ್ವ ತೆಗೆದುಕೊಂಡವರೇ ಸಭಾದ ಅತ್ಯಂತ ನಿಷ್ಠಾವಂತ ಶ್ರೋತೃಗಳು, ಅದರಲ್ಲಿ ಅನುಮಾನವಿಲ್ಲ. ಅವರ ನಿಷ್ಠೆಗೆ ತಕ್ಕ ಹಣ ಸಭಾದ ಹತ್ತಿರ ಇಲ್ಲ ಎಂಬುದೂ ಅಷ್ಟೇ ನಿಜ.

ಸಮಿತಿಯ ಒಬ್ಬರು 'ಆಜೀವ ಸದಸ್ಯತ್ವ ರದ್ದು ಮಾಡಿ ಎಲ್ಲರನ್ನೂ ವಾರ್ಷಿಕಕ್ಕೆ ತನ್ನಿ' ಎಂದರು. ಅದು ಸಾಧ್ಯವಿಲ್ಲ, ಮಾಡಲೂಬಾರದು. ಬೈಲಾ, ಅಂದರೆ ಸಂಸ್ಥೆಯ ನಿಯಮಾವಳಿ, ಪ್ರಕಾರ ಹಣ ಕೊಟ್ಟು ಪಡೆದ ಹಕ್ಕನ್ನು ಸಮಿತಿ ಠರಾವಿನಿಂದ ಕಿತ್ತುಕೊಂಡರೆ ಜಗಳ ಜಿಲ್ಲಾ ನೋಂದಣಾಧಿಕಾರಿಗಳ ಮುಂದೆ ಹೋಗುತ್ತದೆ. ನಮ್ಮಲ್ಲಿ ಆ ಅಧಿಕಾರ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯದು. ಅಲ್ಲಿ ಮೊದಲು ಕೇಳುವುದು ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಪ್ರತಿವರ್ಷ ಸಲ್ಲಿಸಿದ್ದೀರಾ ಎಂದು. ಆ ಫೈಲು ಅಚ್ಚುಕಟ್ಟಾಗಿಲ್ಲದ ಸಂಸ್ಥೆ ಸದಸ್ಯರ ಜೊತೆ ಕಾನೂನಿನ ಜಗಳಕ್ಕೆ ಇಳಿಯಬಾರದು.

ಆಯ್ದುಕೊಂಡ ದಾರಿ ಎರಡು ಹೆಜ್ಜೆಯದು. ಹೊಸ ಆಜೀವ ಸದಸ್ಯತ್ವವನ್ನು ನಿಲ್ಲಿಸಿದರು. ಹಳಬರಿಗೆ ಪತ್ರ ಬರೆದು ಲೆಕ್ಕವನ್ನು ಬಿಚ್ಚಿಟ್ಟರು. ಪತ್ರ ಒಂದೇ ಪುಟ:

'ಮಾನ್ಯರೇ, ತಾವು ನಮ್ಮ ಸಭಾದ ಆಜೀವ ಸದಸ್ಯರು. ಆ ಹಕ್ಕು ಎಂದಿನಂತೆ ಮುಂದುವರಿಯುತ್ತದೆ. ಕಳೆದ ವರ್ಷ ಸಭಾಕ್ಕೆ 2,64,300 ರೂಪಾಯಿ ಕೊರತೆಯಾಗಿದೆ. ಅದರಲ್ಲಿ 74,000 ರೂಪಾಯಿ, ತಾವು ಕೇಳಿ ಮೆಚ್ಚಿದ ಪಕ್ಕವಾದ್ಯ ಕಲಾವಿದರಿಗೆ ಸಲ್ಲಬೇಕಾದ ಸಂಭಾವನೆ. ಈ ವರ್ಷದಿಂದ ವರ್ಷಕ್ಕೆ 1,500 ರೂಪಾಯಿ ಸೇವಾ ಕಾಣಿಕೆ ಕೊಡಲು ಸಾಧ್ಯವಿರುವವರು ದಯವಿಟ್ಟು ಕೊಡಿ. ಕೊಡಲಾಗದವರ ಕುರ್ಚಿ ಅವರದೇ. ಲೆಕ್ಕದ ಪ್ರತಿ ಇದರ ಜೊತೆಗಿದೆ. ಅನುಮಾನವಿದ್ದರೆ ಖಜಾಂಚಿಗಳನ್ನು ಭಾನುವಾರ ಬೆಳಗ್ಗೆ ಕಚೇರಿಯಲ್ಲಿ ಕಾಣಬಹುದು.'

ಈ ಪತ್ರದಲ್ಲಿ ಕೆಲಸ ಮಾಡಿದ್ದು ಎರಡನೇ ಅಂಕಿ. 'ಕೊರತೆ' ಎಂದರೆ ಯಾರಿಗೂ ಮುಟ್ಟುವುದಿಲ್ಲ. ಪಿಟೀಲಿನವರಿಗೆ ದುಡ್ಡು ಕೊಟ್ಟಿಲ್ಲ ಎಂದರೆ ರಸಿಕರಿಗೆ ಚುರುಕ್ಕೆನ್ನುತ್ತದೆ. ಇನ್ನೂರ ನಲವತ್ತರಲ್ಲಿ ವಿಳಾಸ, ಫೋನ್ ಸಿಕ್ಕಿದ್ದು 171 ಜನರದು. ಕೆಲವರು ತೀರಿಹೋಗಿದ್ದರು, ಕೆಲವರು ಮಕ್ಕಳ ಜೊತೆ ಬೆಂಗಳೂರಿಗೆ ಹೋಗಿದ್ದರು. ಕಾಣಿಕೆ ಕೊಟ್ಟವರು 104 ಮಂದಿ, 1,56,000 ರೂಪಾಯಿ. ಬರೀ ಪತ್ರಕ್ಕೆ ಬಂದದ್ದು ಇದರ ಕಾಲುಭಾಗ ಮಾತ್ರ. ಮಿಕ್ಕದ್ದು ಸಮಿತಿಯವರು ತಲಾ ಹದಿನೈದು ಇಪ್ಪತ್ತು ಹೆಸರು ಹಂಚಿಕೊಂಡು ಫೋನ್ ಮಾಡಿ, ಮನೆಗೆ ಹೋಗಿ ಕೂತು ಮಾತಾಡಿದ್ದರಿಂದ.

ಊರಿನ ಕ್ಯಾಲೆಂಡರ್‌ಗೆ ತಕ್ಕ ಕಛೇರಿ

ತಿಂಗಳಿಗೊಂದು ಎಂಬುದು ಕೇಳಲು ಚೆನ್ನ, ಆದರೆ ಹಾಸನದಲ್ಲಿ ಹನ್ನೆರಡು ತಿಂಗಳೂ ಒಂದೇ ಅಲ್ಲ. ಜುಲೈನಲ್ಲಿ ಮಳೆಗೆ ಹಿರಿಯರು ಮನೆಬಿಟ್ಟು ಬರುವುದಿಲ್ಲ. ಅಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಊರಿನಲ್ಲಿ ಲಾಡ್ಜ್ ರೂಮೂ ಸಿಗದು, ದೇವಸ್ಥಾನದ ಸುತ್ತ ರಸ್ತೆಯಲ್ಲಿ ವಾಹನವೂ ಸಾಗದು. ಅದಕ್ಕೆ ಸ್ವಲ್ಪ ಮೊದಲು ದಸರಾ, ಮೈಸೂರಿನ ಕಲಾವಿದರೆಲ್ಲ ಅಲ್ಲೇ. ಡಿಸೆಂಬರ್ ಮಧ್ಯದಿಂದ ಒಳ್ಳೆಯ ಪಕ್ಕವಾದ್ಯದವರು ಚೆನ್ನೈ ಸೀಸನ್‌ಗೆ, ಅಲ್ಲಿನ ಸಾಲು ಸಾಲು ಕಛೇರಿಗಳಿಗೆ, ಹೋಗುತ್ತಾರೆ. ಮಾರ್ಚ್ ಪರೀಕ್ಷೆಯ ತಿಂಗಳು, ಸಂಗೀತ ಕಲಿಯುವ ಮಕ್ಕಳೂ ಅವರನ್ನು ಕರೆತರುವ ತಾಯ್ತಂದೆಯರೂ ಬರುವುದಿಲ್ಲ.

ಸಮಿತಿ ಜುಲೈ, ಅಕ್ಟೋಬರ್, ಜನವರಿ, ಮಾರ್ಚ್ ಬಿಟ್ಟು ಎಂಟು ಕಛೇರಿ ಇಟ್ಟುಕೊಂಡಿತು. ಡಿಸೆಂಬರಿನದು ಮೊದಲ ಭಾನುವಾರವೇ. ಎಂಟರಲ್ಲಿ ನಾಲ್ಕು ಹಿರಿಯರದು, ತಲಾ 46,000. ನಾಲ್ಕು ಜಿಲ್ಲೆಯ ಮತ್ತು ಮೈಸೂರಿನ ಕಿರಿಯರದು, ತಲಾ 24,000. ಕಿರಿಯರ ಆಯ್ಕೆಗೆ ಆಕಾಶವಾಣಿ ಕಲಾವಿದರನ್ನು ಪರೀಕ್ಷಿಸಿ ಕೊಡುವ ಶ್ರೇಣಿಯನ್ನು ಅಳತೆಯಾಗಿ ಇಟ್ಟುಕೊಂಡರು: ಕನಿಷ್ಠ ಬಿ ಶ್ರೇಣಿ. ಅದಕ್ಕಿಂತ ಒಳ್ಳೆಯ ಅಳತೆ ಇರಬಹುದು, ಆದರೆ ಸಮಿತಿಯವರ ನೆಂಟರು, ಶಿಷ್ಯರ ಹೆಸರು ಬಂದಾಗ ಮುಖ ನೋಡದೆ ಬೇಡ ಎನ್ನಲು ಹೊರಗಿನವರು ಇಟ್ಟ ಅಳತೆ ಬೇಕು.

ಉತ್ಸವವನ್ನು ಐದು ದಿನದಿಂದ ಮೂರಕ್ಕೆ ಇಳಿಸಿ, ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆ, ಪುಷ್ಯ ಅಮಾವಾಸ್ಯೆಯ ಪುರಂದರದಾಸರ ಆರಾಧನೆಯ ನಡುವಿನ ವಾರಾಂತ್ಯಕ್ಕೆ ತಂದರು. ಇದರಲ್ಲಿ ಒಂದು ನಷ್ಟವಿದೆ: ಎಲ್ಲ ಊರಲ್ಲೂ ಆಗಲೇ ಆರಾಧನೆ, ಹೆಸರಾದ ಪಕ್ಕವಾದ್ಯದವರು ಸಿಗುವುದು ಕಷ್ಟ. ಲಾಭ ದೊಡ್ಡದು: ತ್ಯಾಗರಾಜರ ಐದು ಕೃತಿಗಳನ್ನು ಎಲ್ಲರೂ ಒಟ್ಟಿಗೆ ಹಾಡುವ ಬೆಳಗಿನ ಪಂಚರತ್ನ ಗೋಷ್ಠಿಗಾಯನದಲ್ಲಿ ಊರಿನ ಎಲ್ಲ ಪಾಠಶಾಲೆಗಳ ಮಕ್ಕಳೂ ಒಂದೇ ವೇದಿಕೆ ಏರುತ್ತಾರೆ. ಅದಕ್ಕೆ ಖರ್ಚು ಮೈಕು, ಉಪ್ಪಿಟ್ಟು, ಕಾಫಿ ಮಾತ್ರ. ನಮ್ಮೂರಿನ ಗುರುಗಳಲ್ಲಿ ಯಾರ ಶಿಷ್ಯರಿಗೆ ಮೊದಲು ಅವಕಾಶ ಎಂಬ ಮುನಿಸು ವರ್ಷಾನುವರ್ಷ ನಡೆಯುತ್ತಿತ್ತು. ಗೋಷ್ಠಿಯಿಂದ ಅದು ಬಹುಮಟ್ಟಿಗೆ ತಣ್ಣಗಾಯಿತು.

ಸದಸ್ಯತ್ವದ ಹಣ ಕೇಳುವ ಕಾಲವನ್ನು ಯುಗಾದಿಯಿಂದ ಅಕ್ಷಯ ತೃತೀಯವರೆಗೆ ಎಂದು ಗೊತ್ತುಮಾಡಿದರು. ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ಬೆಳೆಗಾರರು ಇಂಥ ಸಂಸ್ಥೆಗಳ ದೊಡ್ಡ ಆಸರೆ. ನವೆಂಬರಿಂದ ಫೆಬ್ರವರಿವರೆಗೆ ಕೊಯ್ಲು, ಆಗ ಅವರ ಕೈಯಲ್ಲಿ ಕೂಲಿ ಕೊಡುವಷ್ಟು ಹಣ, ಮನಸ್ಸೆಲ್ಲ ಕಣದಲ್ಲಿ. ಬೆಳೆ ಮಾರಿದ ಮೇಲೆ ಕೇಳುವುದು ಕೇಳುವವರಿಗೂ ಕೊಡುವವರಿಗೂ ಸುಖ. ವಾರ್ಷಿಕ ಸದಸ್ಯತ್ವವನ್ನು 1,500ಕ್ಕೆ ಏರಿಸಿದರೂ ಸದಸ್ಯರು 38ರಿಂದ 70ಕ್ಕೆ ಹೋದರು.

ಕಾರಿನ ಖರ್ಚಿಗೆ ಸುಲಭ ಪರಿಹಾರ ಸಿಕ್ಕಿತು. ಬೆಂಗಳೂರಿನ ಕಲಾವಿದರಿಗೆ ಶನಿವಾರ ಮೈಸೂರಿನಲ್ಲಿ ಕಛೇರಿ ಇದ್ದರೆ ಭಾನುವಾರ ಹಾಸನದಲ್ಲಿ. ಎರಡೂ ಕಡೆಯವರು ಕಾರು ಹಂಚಿಕೊಂಡರೆ 6,500ರ ಜಾಗದಲ್ಲಿ 3,500. ಇದಕ್ಕೆ ನಾಲ್ಕು ತಿಂಗಳು ಮೊದಲೇ ತಾರೀಖು ಮಾತಾಡಬೇಕು. ಹಿಂದೆ ಹದಿನೈದು ದಿನ ಮುಂಚೆ ಫೋನ್ ಮಾಡುತ್ತಿದ್ದರು, ಆಗ ಯಾರು ಬಿಡುವಾಗಿದ್ದಾರೋ ಅವರು, ಅವರು ಹೇಳಿದ ದರ.

ಒಂದು ಸಂಜೆಯ ಕೆಲಸ

ಕಲಾವಿದರಿಗೆ ಕಳಿಸುವ ಒಪ್ಪಿಗೆ ಪತ್ರದಲ್ಲಿ ಹಿಂದೆ ದಿನಾಂಕ, ಸಮಯ, ಮೊತ್ತ ಇಷ್ಟೇ ಇರುತ್ತಿತ್ತು. ಈಗ ಅದರಲ್ಲಿ ಹಾಡುವವರ ಶ್ರುತಿ ಬರೆಯುವ ಜಾಗವಿದೆ. ಸಣ್ಣದಾಗಿ ಕಾಣುವ ಈ ವಿಷಯ ಕಛೇರಿ ಕೆಡಿಸಬಲ್ಲದು. ಶ್ರುತಿಯ ಎತ್ತರವನ್ನು 'ಮನೆ'ಯ ಲೆಕ್ಕದಲ್ಲಿ ಹೇಳುತ್ತಾರೆ; ಗಾಯಕರು ಒಂದು, ಒಂದೂವರೆ ಮನೆಯಲ್ಲಿ ಹಾಡುವವರೋ, ಗಾಯಕಿಯರು ಐದು, ಐದೂವರೆ ಮನೆಯವರೋ ಎಂಬುದರ ಮೇಲೆ ಮೃದಂಗದವರು ಯಾವ ವಾದ್ಯ ತರಬೇಕು ಎಂಬುದು ನಿಂತಿದೆ. ತಗ್ಗು ಶ್ರುತಿಗೂ ತಾರ ಶ್ರುತಿಗೂ ಒಂದೇ ಮೃದಂಗ ಆಗಿಬರುವುದಿಲ್ಲ. ಎಳೆದು ಎಳೆದು ಶ್ರುತಿ ಏರಿಸಿದರೆ ಮುಚ್ಚಿಗೆಯ ಚರ್ಮ ಹರಿಯುತ್ತದೆ. ಮುಖ್ಯ ಕಲಾವಿದರು ಬೆಂಗಳೂರಿಂದ, ಮೃದಂಗದವರು ಮೈಸೂರಿಂದ, ಇಬ್ಬರೂ ಮೊದಲ ಸಲ ವೇದಿಕೆಯಲ್ಲೇ ಭೇಟಿ ಎಂದಾಗ ಈ ಒಂದು ಸಾಲನ್ನು ಕಾರ್ಯದರ್ಶಿಯೇ ತಲುಪಿಸಬೇಕು.

ಮಳೆಗಾಲದಲ್ಲಿ ಚರ್ಮವಾದ್ಯ ತೇವಕ್ಕೆ ಸಡಿಲವಾಗುತ್ತದೆ. ಕಲಾವಿದರು ವೇದಿಕೆ ಏರುವ ಮುಕ್ಕಾಲು ಗಂಟೆ ಮುಂಚೆ, ಒದ್ದೆ ಇಲ್ಲದ, ಫ್ಯಾನಿನ ಗಾಳಿ ನೇರ ಬಡಿಯದ ಕೋಣೆಯೊಂದು ತೆರೆದಿರಬೇಕು. ಬೀಗದ ಕೈ ಯಾರ ಹತ್ತಿರ ಎಂದು ಹುಡುಕುತ್ತಾ ಆ ಮುಕ್ಕಾಲು ಗಂಟೆ ಕಳೆಯುವುದು ಎಲ್ಲೆಡೆ ನಡೆಯುತ್ತದೆ. ಅದಕ್ಕೆ ಒಬ್ಬರ ಹೆಸರನ್ನು ಬರೆದೇ ಇಡಬೇಕು.

ಮೈಕಿನವರ ವಿಷಯ ಇನ್ನೂ ಗಂಭೀರ. ಊರಿನ ಧ್ವನಿವರ್ಧಕದವರು ಮದುವೆ, ಆರ್ಕೆಸ್ಟ್ರಾ, ರಾಜಕೀಯ ಸಭೆಗೆ ಪಳಗಿದವರು. ತೊಂಬತ್ತು ಜನ ಕೂತು ಕೇಳುವ ಸಭಾಂಗಣಕ್ಕೆ ದೊಡ್ಡ ಬೇಸ್ ಪೆಟ್ಟಿಗೆ ತಂದಿಟ್ಟು, ಗಾಯನಕ್ಕೆ ಎಕೋ ಹಾಕಿದರೆ ಪಿಟೀಲು ಕೀರಲಾಗುತ್ತದೆ, ಮೃದಂಗದ ಎಡಗಡೆ ಗುಡುಗುತ್ತದೆ, ಘಟ ಕೇಳುವುದೇ ಇಲ್ಲ. ಸಭಾ ಒಂದು ಹಾಳೆಯಲ್ಲಿ ಬರೆದುಕೊಟ್ಟಿತು: ಎರಡು ಸಣ್ಣ ಸ್ಪೀಕರ್, ವೇದಿಕೆ ಮೇಲೆ ಎರಡು ಮಾನಿಟರ್, ಗಾಯನಕ್ಕೆ ಒಂದು, ಪಿಟೀಲಿಗೆ ಒಂದು, ಮೃದಂಗಕ್ಕೆ ಬಲಕ್ಕೂ ಎಡಕ್ಕೂ ಒಂದೊಂದು, ಘಟಕ್ಕೆ ಒಂದು, ತಂಬೂರಿ ಪೆಟ್ಟಿಗೆಗೆ ಒಂದು ಮೈಕು, ಎಕೋ ಬೇಡ, ಐದು ಗಂಟೆಗೆ ಪರೀಕ್ಷೆ, ಕಛೇರಿ ಶುರುವಾದ ಮೇಲೆ ಆಪರೇಟರ್ ಎದ್ದು ಹೋಗುವಂತಿಲ್ಲ. ಪೆಟ್ಟಿಗೆ ಕಡಿಮೆಯಾದ್ದರಿಂದ ಬಾಡಿಗೆಯೂ ತುಸು ಇಳಿಯಿತು.

ಸಂಜೆ 5.45ಕ್ಕೆ ಶುರು, ತಡವಾದವರಿಗೆ ಕಾಯುವುದಿಲ್ಲ. ಸ್ವಾಗತ, ಪರಿಚಯ, ವಂದನೆ ಮೂರೂ ಸೇರಿ ಹತ್ತು ನಿಮಿಷ. ಅತಿಥಿಗಳ ಭಾಷಣವನ್ನು ತಿಂಗಳ ಕಛೇರಿಯಿಂದ ತೆಗೆದೇಬಿಟ್ಟರು. ಎಂಟೂವರೆಗೆ ಮಂಗಳ, ಮೈಸೂರಿಗೆ ಹೋಗುವವರು ಊಟ ಮಾಡಿ ಹೊರಟರೆ ಮಧ್ಯರಾತ್ರಿಯೊಳಗೆ ಮನೆ ಸೇರುತ್ತಾರೆ. ಅಂದರೆ ವಸತಿಯ ಖರ್ಚೂ ಇಲ್ಲ.

ಸಂಭಾವನೆ ಅಂದೇ ರಾತ್ರಿ, ನಾಲ್ವರಿಗೂ ಅವರವರ ಬ್ಯಾಂಕ್ ಖಾತೆಗೆ ನೇರ. ಪ್ಯಾನ್, ಖಾತೆ ವಿವರ ಒಪ್ಪಿಗೆ ಪತ್ರದಲ್ಲೇ ತೆಗೆದುಕೊಂಡಿರುತ್ತಾರೆ. ಮುಖ್ಯ ಕಲಾವಿದರ ಕೈಗೆ ಒಟ್ಟು ಮೊತ್ತ ಕೊಟ್ಟು ಹಂಚಿಕೊಳ್ಳಿ ಎನ್ನುವ ಪದ್ಧತಿಯಲ್ಲಿ ಪಕ್ಕವಾದ್ಯದವರಿಗೆ ಎಷ್ಟು ಸೇರಿತು ಎಂಬುದು ಸಭಾಕ್ಕೆ ಗೊತ್ತೇ ಆಗುವುದಿಲ್ಲ. ಬೇರೆ ಬೇರೆ ಕೊಡುವುದರಿಂದ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ತೆರಿಗೆ ಹಿಡಿಯುವ, ಲೆಕ್ಕವೂ ಸ್ವಚ್ಛ: ವೃತ್ತಿಪರ ಶುಲ್ಕದ ಮೇಲೆ ಒಬ್ಬರಿಗೆ ವರ್ಷದಲ್ಲಿ ಕೊಟ್ಟದ್ದು ಮಿತಿ ದಾಟಿದರೆ ಶೇಕಡಾ 10 ಕಡಿತ. ಆ ಮಿತಿ 30,000 ಇದ್ದದ್ದು 2025ರ ಏಪ್ರಿಲ್ 1ರಿಂದ 50,000 ಆಗಿದೆ. ಒಬ್ಬರ ಸಂಭಾವನೆಯನ್ನೇ ತೆರಿಗೆ ತಪ್ಪಿಸಲು ನಾಲ್ಕು ಹೆಸರಿಗೆ ಒಡೆಯುವುದು ಬೇರೆ ಮಾತು, ಅದು ಅಪರಾಧ.

ಜಿಎಸ್‌ಟಿ ಬಗ್ಗೆ ಸಮಿತಿಗೆ ವಿನಾಕಾರಣ ಭಯವಿತ್ತು. ಶಾಸ್ತ್ರೀಯ ಅಥವಾ ಜಾನಪದ ಸಂಗೀತ, ನೃತ್ಯ, ರಂಗಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ 1,50,000 ರೂಪಾಯಿ ಮೀರದಿದ್ದರೆ ಅದಕ್ಕೆ ವಿನಾಯಿತಿ ಇದೆ. ಸಂಗೀತ ಕಛೇರಿ, ನಾಟಕಗಳ ಟಿಕೆಟ್ ತಲಾ 500 ರೂಪಾಯಿ ಮೀರದಿದ್ದರೆ ಅದಕ್ಕೂ ಇದೆ.

ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವ ಮುನ್ನ ವೇದಿಕೆಯಲ್ಲಿರುವ ನಾಲ್ವರ ಲಿಖಿತ ಒಪ್ಪಿಗೆಯೂ ಬೇಕು. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು 50 ವರ್ಷದ್ದು, ಅದು ಮೃದಂಗದವರಿಗೂ ಅಷ್ಟೇ ಇದೆ.

ದೇಣಿಗೆ, ಅನುದಾನ

ದೊಡ್ಡ ಸೋರಿಕೆ ಕಂಡದ್ದು ಯುಪಿಐನಲ್ಲಿ. ಸಭಾಂಗಣದ ಬಾಗಿಲಲ್ಲಿ ಇಟ್ಟ ಕ್ಯೂಆರ್ ಕೋಡ್ ಪದಾಧಿಕಾರಿಯೊಬ್ಬರ ವೈಯಕ್ತಿಕ ಖಾತೆಯದಾಗಿತ್ತು. ಹಣ ಸಭಾಕ್ಕೆ ಬರುತ್ತಿತ್ತು, ಪ್ರಾಮಾಣಿಕವಾಗಿಯೇ ಬರುತ್ತಿತ್ತು. ಆದರೆ ಯಾರು ಕೊಟ್ಟದ್ದು ಎಂಬ ದಾಖಲೆ ಸಭಾದ ಪುಸ್ತಕದಲ್ಲಿ ಇರಲಿಲ್ಲ. 80ಜಿ ಮಾನ್ಯತೆ (ದಾನಿಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವುದು) ಇರುವ ಸಂಸ್ಥೆ ದಾನಿಗಳ ಹೆಸರು, ಪ್ಯಾನ್, ಮೊತ್ತದ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಬೇಕಿತ್ತು. ತಡವಾದರೆ ದಿನಕ್ಕೆ 200 ರೂಪಾಯಿ. ಅದು ಸಲ್ಲಿಕೆಯಾದರೆ ಮಾತ್ರ ದಾನಿಗೆ 10ಬಿಇ ಪ್ರಮಾಣಪತ್ರ, ಅದಿಲ್ಲದೆ ಅವರಿಗೆ ತೆರಿಗೆ ವಿನಾಯಿತಿ ಇಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಹೇಗೂ ಸಿಗದು. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾಗುವುದರಿಂದ ನಮೂನೆಗಳ ಹೆಸರನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಕೊಂಡೇ ರಸೀದಿ ಪುಸ್ತಕ ಅಚ್ಚು ಹಾಕಿಸಬೇಕು.

ಸ್ಮರಣ ಸಂಚಿಕೆಯನ್ನು ನಿಲ್ಲಿಸಿದರು. ಜಾಹೀರಾತು ತಂದುಕೊಡುತ್ತಿದ್ದ 1,80,000 ಹೋಯಿತು, ಜೊತೆಗೆ ಅಚ್ಚಿನ ಖರ್ಚೂ ಹೋಯಿತು. ಅದರ ಬದಲು ಉತ್ಸವಕ್ಕೆ ನೇರ ಪ್ರಾಯೋಜಕತ್ವ 80,000. ಕುಟುಂಬಗಳ ಪ್ರಾಯೋಜಿತ ಕಛೇರಿಗೆ 15,000ದ ಬದಲು 20,000 ಕೇಳಿದರು. ಆರರಲ್ಲಿ ಆರೂ ಮುಂದುವರಿದವು, 1,20,000.

ಅನುದಾನಕ್ಕೆ ಅರ್ಜಿ ಹಾಕುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಲೂಬಾರದು: ಮೂರು ವರ್ಷದ ಆಡಿಟ್ ವರದಿ, ಕಾರ್ಯಕ್ರಮದ ಫೋಟೊ, ಪತ್ರಿಕಾ ತುಣುಕು, ಬಿಲ್ಲು, ಕೇಂದ್ರದ ಯೋಜನೆಯಾದರೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ದರ್ಪಣ್ ಪೋರ್ಟಲ್‌ನ ಸಂಖ್ಯೆ, ಹಣ ಬಂದ ಮೇಲೆ ಉಪಯೋಗಿತಾ ಪ್ರಮಾಣಪತ್ರ, ಇವಿಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿಟ್ಟ ಸಂಸ್ಥೆಗೆ ಅರ್ಜಿ ಅರ್ಧ ದಿನದ ಕೆಲಸ. ಬದಲಾದದ್ದು ಬಜೆಟ್ಟಿನ ಆ ಸಾಲು. ಅನುದಾನ ಈಗ ಆದಾಯದ ಪಟ್ಟಿಯಲ್ಲಿ ಇಲ್ಲ. ಬ್ಯಾಂಕಿಗೆ ಬಂದ ದಿನ ಬರೆಯುತ್ತಾರೆ, ಮುಂದಿನ ವರ್ಷದ ಕೆಲಸಕ್ಕೆ ಹಚ್ಚುತ್ತಾರೆ. ಅದರ ಜೊತೆ ಇನ್ನೊಂದು ಠರಾವು: ಮುಂದಿನ ಮೂರು ಕಛೇರಿಯ ಖರ್ಚು, ಸರಾಸರಿ 1,05,000 ರೂಪಾಯಿ, ಖಾತೆಯಲ್ಲಿ ಇಲ್ಲದೆ ಕಾರ್ಯದರ್ಶಿ ಯಾವ ಕಲಾವಿದರಿಗೂ ತಾರೀಖು ಖಚಿತಪಡಿಸುವಂತಿಲ್ಲ. ಪದಾಧಿಕಾರಿಗಳು ಕೈಯಿಂದ ಹಣ ಹಾಕುವುದೂ ಬಂದ್. ಹಿರಿಯ ಕಾರ್ಯದರ್ಶಿಗಳಿಗೆ ಇದು ನೋವು ತಂದಿತು, 'ನಾನು ಹಾಕಿದ್ದಕ್ಕೇ ಅಲ್ಲವೇ ಸಭಾ ನಡೆದದ್ದು' ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಒಬ್ಬರ ಜೇಬಿನ ಮೇಲೆ ನಿಂತ ಸಂಸ್ಥೆ ಅವರ ಆರೋಗ್ಯ ಕೆಟ್ಟ ದಿನ ನಿಲ್ಲುತ್ತದೆ. ಅವರೂ ಕೊನೆಗೆ ಠರಾವಿಗೆ ಸಹಿ ಹಾಕಿದರು.

ಎರಡನೇ ವರ್ಷದ ಕೊನೆಗೆ

ವೆಚ್ಚ: ಎಂಟು ಕಛೇರಿ 2,80,000, ಮೂರು ದಿನದ ಉತ್ಸವ 2,40,000, ಕಚೇರಿ 40,000. ಒಟ್ಟು 5,60,000. ಆದಾಯ: ಸೇವಾ ಕಾಣಿಕೆ 1,56,000, ವಾರ್ಷಿಕ ಸದಸ್ಯತ್ವ 1,05,000, ದೇಣಿಗೆ 2,40,000, ಪ್ರಾಯೋಜಿತ ಕಛೇರಿ 1,20,000, ಉತ್ಸವದ ಪ್ರಾಯೋಜಕತ್ವ 80,000, ಬಡ್ಡಿ 7,700. ಒಟ್ಟು 7,08,700. ಉಳಿದದ್ದು 1,48,700. ಹಿಂದಿನ ವರ್ಷದ ಅನುದಾನ 1,00,000 ಬಂದದ್ದೂ ಈಗಲೇ. ಸಾಲ ತೀರಿಸಲೆಂದು ಅದನ್ನು ಸೇರಿಸಿದಾಗ 2,48,700.

ತೀರಿಸಿದ ಕ್ರಮ ಮುಖ್ಯ. ಮೊದಲು ಪಕ್ಕವಾದ್ಯದವರ 74,000, ಪ್ರತಿಯೊಬ್ಬರಿಗೂ ಕ್ಷಮೆ ಕೋರಿದ ಪತ್ರದ ಜೊತೆ. ಆಮೇಲೆ ಮೈಕಿನವರ 62,000. ಕೊನೆಗೆ ಕಾರ್ಯದರ್ಶಿಗಳಿಗೆ 1,12,700. ಅವರಿಗೆ ಇನ್ನೂ 15,600 ಬರಬೇಕು, ಅದು 'ಕೊಡಬೇಕಾದ್ದು' ಪುಟದಲ್ಲಿದೆ.

ದೇಣಿಗೆ ಮೂರು ಲಕ್ಷ ಅರವತ್ತು ಸಾವಿರದಿಂದ ಎರಡು ಲಕ್ಷ ನಲವತ್ತಕ್ಕೆ ಇಳಿದದ್ದನ್ನು ಮರೆಮಾಚಬಾರದು. ಐದು ದಿನದ ಉತ್ಸವಕ್ಕೆಂದೇ ಕೊಡುತ್ತಿದ್ದ ಇಬ್ಬರು ಮೂವರು 'ಕಡಿಮೆ ಮಾಡಿದಿರಲ್ಲ' ಎಂದು ಕೈ ಹಿಂದೆಗೆದರು. ಕೇಳುಗರ ಸಂಖ್ಯೆಯೂ ಕಿರಿಯರ ಕಛೇರಿಗಳಲ್ಲಿ ಅರವತ್ತರ ಆಸುಪಾಸಿಗೆ ಬಂತು. ಪಾಠಶಾಲೆಯ ಮಕ್ಕಳನ್ನು ಗೋಷ್ಠಿಗಾಯನದಾಚೆಗೂ ಕಛೇರಿಗೆ ಕರೆತರುವ ದಾರಿ ಈ ಸಭಾಕ್ಕೆ ಇನ್ನೂ ಸಿಕ್ಕಿಲ್ಲ.

ಆಜೀವ ನಿಧಿಯಲ್ಲಿ ಕರಗಿದ 2,15,000ವನ್ನು ಮರಳಿ ಕಟ್ಟುವ ಕೆಲಸ ಮೂರನೇ ವರ್ಷಕ್ಕೆ ಉಳಿದಿದೆ. ಅದಕ್ಕೆ ಸರ್ವ ಸದಸ್ಯರ ಸಭೆಯ ಮುಂದೆ ಇಟ್ಟಿರುವ ಬೈಲಾ ತಿದ್ದುಪಡಿ ಹೀಗಿದೆ: ಆಜೀವ ಸದಸ್ಯತ್ವ ಮತ್ತೆ ತೆರೆದರೆ ಕನಿಷ್ಠ 15,000 ರೂಪಾಯಿ, ಹಣ ಮೂಲಧನಕ್ಕೆ ಎಂದು ಸದಸ್ಯರಿಂದಲೇ ಲಿಖಿತ ಸೂಚನೆ, ಪೂರ್ತಿ ಮೊತ್ತ ಬ್ಯಾಂಕ್ ಠೇವಣಿ, ಬಡ್ಡಿ ಮಾತ್ರ ಖರ್ಚಿಗೆ, ಠೇವಣಿ ಮುರಿಯಲು ಅಧ್ಯಕ್ಷರು, ಖಜಾಂಚಿ ಇಬ್ಬರ ಸಹಿಯ ಜೊತೆಗೆ ಸರ್ವ ಸದಸ್ಯರ ಸಭೆಯ ಠರಾವೂ ಬೇಕು. ತಿದ್ದುಪಡಿ ನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಾಗುವವರೆಗೆ ಆಜೀವ ಸದಸ್ಯತ್ವದ ರಸೀದಿ ಪುಸ್ತಕ ಖಜಾಂಚಿಯ ಕಪಾಟಿನಲ್ಲಿ ಬೀಗದೊಳಗಿರುತ್ತದೆ.